ನೀರಿನ ಗಿರಣಿ ಬಿಡಿಸಿದ ನನ್ನ ಅನುಭವ

ಹರಿಯುವ ನೀರು ಚಕ್ರ ತಿರುಗಿಸಿ ಕಾಳು ಬೀಸುವ ಒಂದು ನೀರಿನ ಗಿರಣಿಯನ್ನು ಜಲವರ್ಣದಲ್ಲಿ ಬಿಡಿಸಬೇಕು ಅನ್ನುವುದು ನನ್ನ ತುಂಬಾ ದಿನದ ಆಸೆ. ಹಳೇ ಯುರೋಪಿನ ನಿಸರ್ಗಚಿತ್ರಗಳಲ್ಲಿ ಅದು ಎಷ್ಟು ಸಲ ಬರುತ್ತದೆ ಅಲ್ವಾ? ಡಚ್ ಕಲಾವಿದ ಹೊಬ್ಬೆಮಾ 1660ರ ದಶಕದಲ್ಲಿ ಅದನ್ನೇ ಮತ್ತೆ ಮತ್ತೆ ಬಿಡಿಸಿದರು.

ನನ್ನ ಮೊದಲ ಚಿತ್ರದಲ್ಲಿ ನಡುವೆ ದೊಡ್ಡ ಚಕ್ರ. ಒಂದೊಂದು ಹಲಗೆಯೂ ಅಚ್ಚುಕಟ್ಟು. ಪಕ್ಕದ ಮನೆಯ ತಾತ, ತ್ಯಾಗರಾಜನಗರದಲ್ಲಿ ಎಷ್ಟೋ ವರ್ಷ ರಾಗಿ ಮಿಲ್ ನಡೆಸಿದವರು, ನೋಡಿ ಕೇಳಿದರು: "ಚೆನ್ನಾಗಿದೆ ಕಣಮ್ಮಾ, ಆದ್ರೆ ನೀರು ಎಲ್ಲಿಂದ ಬರುತ್ತೆ? ಕಾಳು ತಂದವರು ಎಲ್ಲಿ?"

ಆಮೇಲೆ ಹಳೇ ಚಿತ್ರಗಳನ್ನು ಮತ್ತೆ ನೋಡಿದೆ. ಹೊಬ್ಬೆಮಾ ಅವರ ಗುರು ರಾಯ್ಸ್‌ಡಾಲ್ 1653ರಲ್ಲಿ ಬಿಡಿಸಿದ ಎರಡು ಗಿರಣಿಗಳ ಚಿತ್ರದಲ್ಲಿ ಕಣ್ಣು ಮೊದಲು ಹೋಗುವುದು ತೆರೆದ ತೂಬಿನಿಂದ ನುಗ್ಗುವ ಬಿಳಿ ನೊರೆಗೆ. ಪಕ್ಕದಲ್ಲಿ ಹಳೆಯ ಮರದ ಗೋಡೆ. ಹರಿಯುವ ನೀರಿನ ಬಲ, ಮನುಷ್ಯರ ದುಡಿಮೆ, ಸವೆಯುವ ಕಾಲ ಎಲ್ಲಾ ಅಲ್ಲೇ ಇದೆ. ಇಂಗ್ಲೆಂಡಿನ ಕಲಾವಿದ ಜಾನ್ ಕಾನ್‌ಸ್ಟೇಬಲ್ ಅವರ ಅಪ್ಪನದೇ ಗಿರಣಿ ಇತ್ತು, ಅವರೂ ಅಲ್ಲಿ ಕೆಲಸ ಮಾಡಿದ್ದರು. ಆದರೂ ಅವರ 1821ರ 'ದಿ ಹೇ ವೇನ್' (ಹುಲ್ಲಿನ ಗಾಡಿ) ಚಿತ್ರದಲ್ಲಿ ಗಿರಣಿ ಕಾಣುವುದೇ ಇಲ್ಲ! ಗಾಡಿ ನಿಂತಿರುವುದು ಮಾತ್ರ ಅದೇ ಗಿರಣಿಯ ಹತ್ತಿರದ ನೀರಿನಲ್ಲಿ. ಇದು ತಿಳಿದಾಗ ನನಗೆ ಮೈ ಜುಮ್ಮೆಂದಿತು.

ಮಳೆಗಾಲದಲ್ಲಿ ಊರಾಚೆ ಒಂದು ಕೆರೆಯ ಕೋಡಿ ಹರಿಯುವಾಗ ಎರಡು ಬೆಳಗ್ಗೆ ಅಲ್ಲೇ ಕೂತು ಸುಮ್ನೆ ನೀರನ್ನಷ್ಟೇ ಪೆನ್ಸಿಲ್‌ನಲ್ಲಿ ಗೀಚಿದೆ. ಕಲ್ಲಿನ ಅಂಚಿನವರೆಗೂ ನೀರು ಗಾಜಿನಂತೆ ನುಣುಪು, ಬಿದ್ದ ಮೇಲೇ ನೊರೆ. ಹಾಗಾಗಿ ಎರಡನೇ ಚಿತ್ರದಲ್ಲಿ ನೊರೆಗೆ ಬಣ್ಣವನ್ನೇ ಹಚ್ಚಲಿಲ್ಲ, ಕಾಗದದ ಬಿಳಿಯನ್ನೇ ಬಿಟ್ಟೆ. ಒದ್ದೆ ಹಲಗೆಗೆ ಬರ್ಂಟ್ ಅಂಬರ್ ಅನ್ನುವ ಗಾಢ ಕಂದು ಬಣ್ಣದ ಜೊತೆ ಸ್ವಲ್ಪ ಇಂಡಿಗೊ ನೀಲಿ. ಒಣಗಿದ ಗೋಡೆಮರಕ್ಕೆ ತೆಳು ಬೂದು. ಚಕ್ರದ ಅರ್ಧ ಗೋಡೆಯ ಹಿಂದೆ ಹೋಯಿತು. ಮುಂದೆ ಮೂಟೆ ಇಟ್ಟುಕೊಂಡು ಸರದಿ ಕಾಯುವ ಇಬ್ಬರು ಹೆಂಗಸರು ಬಂದರು, ನಮ್ಮ ಬೀದಿಯ ಮಿಲ್ ಮುಂದೆ ರಾಗಿ ಡಬ್ಬ ಹಿಡಿದು ನಿಲ್ಲುವವರ ಹಾಗೆಯೇ.

ತಾತ ಈ ಸಲ ಜಾಸ್ತಿ ಹೊತ್ತು ನೋಡಿದರು. "ಬಾಗಿಲಿಗೆ ಹಿಟ್ಟಿನ ಧೂಳು ಇರುತ್ತಮ್ಮಾ, ಎಷ್ಟು ಗುಡಿಸಿದರೂ ಹೋಗಲ್ಲ" ಅಂದರು. ಒದ್ದೆ ಬಟ್ಟೆಯಿಂದ ಬಾಗಿಲ ಚೌಕಟ್ಟಿನ ಬಣ್ಣವನ್ನು ಮೆಲ್ಲಗೆ ಒತ್ತಿ ತೆಗೆದೆ.