ಆಫರ್ ಒಪ್ಪಿದರಂತೆ, ಇನ್ನು ಕಾಯಿರಿ: ಇಂಗ್ಲೆಂಡಿನಲ್ಲಿ ಮನೆ ಕೊಳ್ಳುತ್ತಿರುವ ಹೊಸಬರಿಗೆ

"ನಿಮ್ಮ ಆಫರ್ ಒಪ್ಪಿದ್ದಾರೆ" ಅಂತ ಏಜೆಂಟ್ ಫೋನ್ ಮಾಡಿದ ದಿನ ಊರಿಗೆ ಫೋನ್ ಮಾಡಬೇಡಿ. ಸಿಹಿ ಹಂಚಬೇಡಿ. ಅಮ್ಮನಿಗೆ ಹೇಳಿದರೆ ಸಂಜೆಯೊಳಗೆ ಚಿಕ್ಕಮ್ಮನಿಗೆ ಗೊತ್ತಾಗುತ್ತದೆ, ಚಿಕ್ಕಮ್ಮನಿಗೆ ಗೊತ್ತಾದರೆ ಮುಗಿಯಿತು, ಆಮೇಲೆ ಪ್ರತಿ ಭಾನುವಾರದ ವಾಟ್ಸಾಪ್ ಕಾಲ್‌ನಲ್ಲಿ ಒಂದೇ ಪ್ರಶ್ನೆ, "ಮನೆ ಏನಾಯ್ತು?" ಮೂರು ತಿಂಗಳು, ಎಷ್ಟೋ ಸಲ ಆರು ತಿಂಗಳು, ನಿಮ್ಮ ಹತ್ತಿರ ಅದಕ್ಕೆ ಉತ್ತರ ಇರುವುದಿಲ್ಲ. ದುಡ್ಡು ಇದೆ, ಬ್ಯಾಂಕು ಸಾಲ ಕೊಡುತ್ತಿದೆ, ಮಾರುವವರು ಹೂಂ ಅಂದಿದ್ದಾರೆ, ಮತ್ತೆ ಯಾಕೆ ತಡ ಅಂತ ಅಪ್ಪ ಕೇಳಿದರೆ ಏನು ಹೇಳುತ್ತೀರಿ?

ತಡ ಯಾಕೆ ಅಂದರೆ, ಇಲ್ಲಿ ಮಾರುವವರು ಹೂಂ ಅಂದದ್ದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ನಮ್ಮ ಕಡೆ ಅಗ್ರಿಮೆಂಟ್ ಬರೆಸಿ ಅಡ್ವಾನ್ಸ್ ಕೊಟ್ಟರೆ ಮುಕ್ಕಾಲು ಕೆಲಸ ಆದಂತೆ. ಉಳಿದದ್ದು ಸಬ್ ರಿಜಿಸ್ಟ್ರಾರ್ ಆಫೀಸಿನ ಓಡಾಟ. ಇಲ್ಲಿ ಆಫರ್ ಒಪ್ಪಿದ ದಿನ ನೀವು ಒಂದು ಪೆನ್ನಿಯನ್ನೂ ಕೊಟ್ಟಿರುವುದಿಲ್ಲ, ಯಾವ ಸಹಿಯನ್ನೂ ಹಾಕಿರುವುದಿಲ್ಲ. 1989ರ ಕಾನೂನಿನ ಪ್ರಕಾರ ಮನೆ, ಜಮೀನಿನ ಒಪ್ಪಂದ ಬರಹದಲ್ಲಿರಬೇಕು, ಎರಡೂ ಕಡೆಯವರ ಸಹಿ ಇರಬೇಕು. ಆ ಸಹಿ ಮಾಡಿದ ಕರಾರುಗಳು ಎರಡೂ ಕಡೆಯ ಸಾಲಿಸಿಟರ್‌ಗಳ, ಅಂದರೆ ವಕೀಲರ, ನಡುವೆ ಅದಲುಬದಲಾಗುವ ಘಳಿಗೆಗೆ ಎಕ್ಸ್‌ಚೇಂಜ್ ಅಂತಾರೆ. ಅಲ್ಲಿಯವರೆಗೆ ಮಾರುವವರು ಬೇರೆಯವರಿಂದ ಜಾಸ್ತಿ ದುಡ್ಡು ತೆಗೆದುಕೊಂಡು ನಿಮ್ಮನ್ನು ಬಿಟ್ಟುಬಿಡಬಹುದು. ಗಝಂಪಿಂಗ್ ಅಂತ ಅದಕ್ಕೊಂದು ಹೆಸರೂ ಇದೆ. ಹೆಸರಿಡುವಷ್ಟು ಮಾಮೂಲಿ ಅಂತ ಅರ್ಥ! ನೀವೂ ಹಾಗೇ ಕೈಬಿಡಬಹುದು, ಅದು ನ್ಯಾಯವೇ ಬಿಡಿ. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ, ಅಲ್ಲಿರುವವರು ಇದನ್ನು ನಂಬಿ ಕೂರಬೇಡಿ.

ನಮ್ಮ ಮೊದಲ ಮನೆ ಹೋದದ್ದು ಗಝಂಪಿಂಗ್‌ನಿಂದಲೂ ಅಲ್ಲ, ಚೈನ್‌ನಿಂದ. ನಾವು ಕೊಳ್ಳುವ ಮನೆಯವರು ಇನ್ನೊಂದು ಮನೆ ಕೊಳ್ಳುತ್ತಿದ್ದರು, ಆ ಮನೆಯವರು ಮತ್ತೊಂದು, ಹೀಗೆ ಮೇಲೆ ಮೇಲೆ. ತುದಿಯಲ್ಲಿದ್ದವರೊಬ್ಬರು, ನಾವು ಮುಖವೂ ನೋಡದವರು, "ಈಗ ಬೇಡ, ಇಲ್ಲೇ ಇರುತ್ತೇವೆ" ಅಂದರು. ಕೆಳಗಿನ ಎಲ್ಲರದ್ದೂ ಕುಸಿಯಿತು. ಸರ್ವೆಗೆ (ಮನೆಯ ಸ್ಥಿತಿಯ ತಪಾಸಣೆ), ಸರ್ಚ್‌ಗಳಿಗೆ (ಆಸ್ತಿಯ ಬಗ್ಗೆ ಸರ್ಕಾರಿ ದಾಖಲೆಗಳ ಹುಡುಕಾಟ) ಕೊಟ್ಟ ದುಡ್ಡು ವಾಪಸ್ ಬರಲ್ಲ. ದುಡ್ಡಾದರೂ ಹೋಗಲಿ. ಮಗಳಿಗೆ ಹಿಂದುಗಡೆಯ ಚಿಕ್ಕ ಕೋಣೆ ನಿನ್ನದು ಅಂತ ಹೇಳಿಬಿಟ್ಟಿದ್ದೆವು. ಅವಳು ಗೋಡೆಗೆ ಬಣ್ಣ ಆರಿಸಿದ್ದಳು, ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಳು. ಆರು ವರ್ಷದ ಮಗುವಿಗೆ ಚೈನ್ ಅಂದರೆ ಏನು ಅಂತ ವಿವರಿಸಿ ನೋಡಿ. ಎರಡನೇ ಸಲ ಮನೆ ನೋಡಲು ಹೋದಾಗ ಅವಳು ಕಾರಿನಿಂದ ಇಳಿಯಲಿಲ್ಲ. ಆದ್ದರಿಂದ ಮಕ್ಕಳಿಗೆ ಎಕ್ಸ್‌ಚೇಂಜ್ ಆಗುವ ತನಕ ಕೋಣೆ ಹಂಚಬೇಡಿ. ಸೋಫಾ ಆರ್ಡರ್ ಮಾಡಬೇಡಿ. ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ. ಒಂದೆರಡು ವಾರ ಬಾಡಿಗೆಯೂ ಕಂತೂ ಎರಡೂ ಕಟ್ಟಿದರೆ ಕಟ್ಟಿದ್ದೇ, ಸೂಟ್‌ಕೇಸ್ ಹಿಡಿದು ಸ್ನೇಹಿತರ ಮನೆಯಲ್ಲಿ ಕೂರುವುದಕ್ಕಿಂತ ವಾಸಿ.

ಏಜೆಂಟ್ ವಿಷಯ. ತುಂಬಾ ಚೆನ್ನಾಗಿ ಮಾತಾಡುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ನಿಮ್ಮ ಹೆಸರನ್ನು ಸರಿಯಾಗಿ ಹೇಳಲು ಪಾಪ ಕಷ್ಟಪಡುತ್ತಾರೆ. ಆದರೆ ಅವರಿಗೆ ಕಮಿಷನ್ ಕೊಡುವವರು ಮಾರುವವರು. ಎಕ್ಸ್‌ಚೇಂಜ್ ಆಗುವ ತನಕ ಬೇರೆ ಆಫರ್ ಬಂದರೆ ಅದನ್ನು ಮಾರುವವರಿಗೆ ತಿಳಿಸುವುದು ಅವರ ಕೆಲಸ. ಅವರ ಹತ್ತಿರ "ಇನ್ನೂ ಹತ್ತು ಸಾವಿರ ಬೇಕಾದರೆ ಹಾಕಬಹುದು" ಅಂತ ಬಾಯಿ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ. ಆಫರ್ ಒಪ್ಪಿದ ಕೂಡಲೇ ಜಾಹೀರಾತು ತೆಗೆಸಿ, ಹೊಸಬರಿಗೆ ಮನೆ ತೋರಿಸುವುದನ್ನು ನಿಲ್ಲಿಸಿ ಅಂತ ಬರಹದಲ್ಲಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಈ ಸಂಕೋಚವೇ ನಮ್ಮ ದೊಡ್ಡ ರೋಗ. ಸಾಲಿಸಿಟರ್ ದೊಡ್ಡ ಮನುಷ್ಯರು, ಪದೇ ಪದೇ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ನಾವು ಸುಮ್ನೆ ಕೂರುತ್ತೇವೆ. ಅವರ ಮೇಜಿನ ಮೇಲೆ ನಿಮ್ಮಂಥ ಎಷ್ಟೋ ಫೈಲು ಇರುತ್ತವೆ, ಗಲಾಟೆ ಮಾಡುವವರದ್ದು ಮೇಲಕ್ಕೆ ಬರುತ್ತದೆ. ಆದರೆ "ಏನಾದರೂ ಸುದ್ದಿ ಇದೆಯಾ?" ಅಂತ ಕೇಳಬೇಡಿ, ಅದಕ್ಕೆ "ಕಾಯುತ್ತಿದ್ದೇವೆ" ಅಂತಲೇ ಉತ್ತರ. ಆ ಕಡೆಗೆ ಕಳಿಸಿದ ಯಾವ ಎನ್‌ಕ್ವೈರಿಗೆ, ಅಂದರೆ ಪ್ರಶ್ನೆಗೆ, ಉತ್ತರ ಬಂದಿಲ್ಲ, ಅದು ಯಾರ ಹತ್ತಿರ ಇದೆ, ಯಾವತ್ತಿನಿಂದ ಇದೆ, ಹೀಗೆ ಕೇಳಿ. ಕೌನ್ಸಿಲ್‌ನ (ಇಲ್ಲಿನ ಸ್ಥಳೀಯ ಆಡಳಿತ) ಸರ್ಚ್ ಬಂದಿಲ್ಲವಾ, ಮಾರುವವರು ಫಾರಂ ತುಂಬಿಲ್ಲವಾ, ಮೊದಲೊಮ್ಮೆ ಅಡುಗೆಮನೆ ಹಿಂದಕ್ಕೆ ವಿಸ್ತರಿಸಿದಾಗಿನ ಬಿಲ್ಡಿಂಗ್ ರೆಗ್ಯುಲೇಷನ್ ಪತ್ರ ಸಿಗುತ್ತಿಲ್ಲವಾ. ಉತ್ತರ ಸಿಕ್ಕರೆ ಅದೇ ದಿನ ಏಜೆಂಟ್‌ಗೆ ಫೋನ್ ಮಾಡಿ ಆ ಕಡೆಯಿಂದ ತಳ್ಳಿಸಿ. ಮಾರುವವರ ಕಮಿಷನ್ ಅವರಿಗೆ ಸಿಗುವುದು ಮಾರಾಟ ಮುಗಿದ ಮೇಲೆ ತಾನೇ, ಇಲ್ಲಿ ಮಾತ್ರ ಅವರ ಲಾಭವೂ ನಿಮ್ಮ ಲಾಭವೂ ಒಂದೇ.

ಉಳಿದ ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಬ್ಯಾಂಕಿನವರ ವ್ಯಾಲ್ಯುಯೇಷನ್ ಅವರ ಸಾಲದ ರಕ್ಷಣೆಗೆ, ಮನೆಯ ಸರ್ವೆ ನೀವೇ ಮಾಡಿಸಬೇಕು, ಹಳೇ ಮನೆಯಾದರೆ ಲೆವೆಲ್ 3, ಅಂದರೆ ಅತಿ ವಿವರವಾದ ಸರ್ವೆ. ಫ್ಲ್ಯಾಟ್ ಆದರೆ ಲೀಸ್ (ನಮ್ಮೂರಿನ ಭೋಗ್ಯ ಅಲ್ಲ, ಕೊಂಡ ಫ್ಲ್ಯಾಟ್ ನಿಮ್ಮದಾಗಿರುವ ಅವಧಿ) ಎಷ್ಟು ವರ್ಷ ಉಳಿದಿದೆ ನೋಡಿ, 80ಕ್ಕಿಂತ ಕಡಿಮೆಯಾದರೆ ಎಚ್ಚರ. ಮಾರ್ಟ್‌ಗೇಜ್ ಆಫರ್‌ಗೆ ಸಾಮಾನ್ಯವಾಗಿ 3ರಿಂದ 6 ತಿಂಗಳ ಆಯಸ್ಸು, ಮುಗಿಯುವ ತಾರೀಕು ಗೋಡೆಗೆ ಅಂಟಿಸಿಕೊಳ್ಳಿ. ನಡುವೆ ಕೆಲಸ ಬದಲಿಸಬೇಡಿ, ಕಾರಿನ ಸಾಲ ತೆಗೆಯಬೇಡಿ.

ಊರಿನಿಂದ ದುಡ್ಡು ತರುವುದಿದ್ದರೆ ಆಫರ್ ಹಾಕುವ ಮೊದಲೇ ಶುರು ಮಾಡಿ. ಅಪ್ಪ ಅಮ್ಮ ಕೊಡುವುದಾದರೆ ಆರ್‌ಬಿಐ ನಿಯಮದಂತೆ ಒಬ್ಬೊಬ್ಬರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ಮಿತಿ ಸಮಸ್ಯೆ ಅಲ್ಲ, ಪ್ರಶ್ನೆಗಳು ಸಮಸ್ಯೆ. ಇಲ್ಲಿನ ಸಾಲಿಸಿಟರ್ ಪ್ರತಿ ಪೌಂಡ್ ಎಲ್ಲಿಂದ ಬಂತು ಅಂತ ಕೇಳಲೇಬೇಕು. ಅಪ್ಪನ ಪಾಸ್‌ಬುಕ್, ಅಪ್ಪನ ಗುರುತಿನ ಚೀಟಿ, ಇದು ಸಾಲವಲ್ಲ ಉಡುಗೊರೆ, ಮನೆಯಲ್ಲಿ ನನಗೆ ಹಕ್ಕು ಬೇಡ ಅಂತ ಅಪ್ಪನ ಸಹಿ. ಜೀವಮಾನವೆಲ್ಲ ಮೇಷ್ಟರ ಕೆಲಸ ಮಾಡಿ ಕೂಡಿಟ್ಟವರಿಗೆ "ಈ ಹಣ ನಿಮಗೆ ಹೇಗೆ ಬಂತು?" ಅಂತ ಕೇಳಬೇಕಾಗುತ್ತದೆ. ನಾನು ಕೇಳಿದ್ದೇನೆ. ಅಪ್ಪ ಕೋಪ ಮಾಡಿಕೊಳ್ಳಲಿಲ್ಲ, ಪಿಂಚಣಿ ಕಾಗದವನ್ನೂ ಎಲ್‌ಐಸಿ ಪತ್ರಗಳನ್ನೂ ಒಪ್ಪವಾಗಿ ಸ್ಕ್ಯಾನ್ ಮಾಡಿಸಿ ಕಳಿಸಿದರು. ಕೋಪ ಮಾಡಿಕೊಂಡಿದ್ದರೇ ಚೆನ್ನಾಗಿತ್ತು.

ಈಗ ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಸ್ಟ್ಯಾಂಪ್ ಡ್ಯೂಟಿ. ಸಾಲಿಸಿಟರ್ ಕಳಿಸುವ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ: ಪ್ರಪಂಚದಲ್ಲಿ ಎಲ್ಲಾದರೂ ನಿಮ್ಮ ಹೆಸರಿನಲ್ಲಿ ಮನೆ ಇದೆಯಾ, ಹಿಂದೆ ಇತ್ತಾ? ಇದಕ್ಕೆ "ಇಲ್ಲಿ ಇಲ್ಲ, ಇಂಡಿಯಾದಲ್ಲಿ ಇರುವುದು ಲೆಕ್ಕಕ್ಕೆ ಬರಲ್ಲ" ಅಂತ ನಮ್ಮವರು ಟಿಕ್ ಹಾಕಿಬಿಡುತ್ತಾರೆ. ಬರುತ್ತದೆ. ಯಲಹಂಕದಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟೂ ಬರುತ್ತದೆ, ಅಪ್ಪನಿಂದ ಬಂದ ಊರ ಮನೆಯ ಪಾಲೂ ಬರುತ್ತದೆ. ಖಾಲಿ ಸೈಟು, ಹೊಲ ಬರುವುದಿಲ್ಲ.

ಲೆಕ್ಕ ನೋಡಿ. 2025ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಇರುವ ದರದಲ್ಲಿ 4,00,000 ಪೌಂಡಿನ ಮನೆಗೆ, ಎಲ್ಲೂ ಯಾವತ್ತೂ ಮನೆ ಇಲ್ಲದ ಮೊದಲ ಸಲದವರು ಕಟ್ಟುವುದು 5,000 ಪೌಂಡ್. ಹಿಂದೆ ಮನೆ ಇತ್ತು, ಈಗ ಇಲ್ಲ ಅನ್ನುವವರು 10,000. ಈಗಲೂ ಬೇರೆ ಮನೆ ಇದೆ ಅನ್ನುವವರು ಅದರ ಮೇಲೆ ಪೂರ್ತಿ ಬೆಲೆಗೆ 5 ಪರ್ಸೆಂಟ್ ಹೆಚ್ಚುವರಿ ಸೇರಿ 30,000. ಐದು ಸಾವಿರ ಎಲ್ಲಿ, ಮೂವತ್ತು ಸಾವಿರ ಎಲ್ಲಿ! ಹೆಚ್ಚುವರಿ ತೆರಿಗೆಗೆ ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಜಾಸ್ತಿ ಇರಬೇಕು. ಪಿತ್ರಾರ್ಜಿತವಾಗಿ ಬಂದು ಮೂರು ವರ್ಷ ಆಗಿಲ್ಲದಿದ್ದರೆ, ಜೊತೆಗೆ ಪಾಲು ಅರ್ಧಕ್ಕಿಂತ ಹೆಚ್ಚಿಲ್ಲದಿದ್ದರೆ, ಈ ಹೆಚ್ಚುವರಿಯಿಂದ ವಿನಾಯಿತಿ ಇದೆ. ಗಂಡ ಹೆಂಡತಿ ಇಬ್ಬರನ್ನೂ ಒಂದೇ ಅಂತ ನೋಡುತ್ತಾರೆ, ಕೊಳ್ಳುವುದು ಒಬ್ಬರ ಹೆಸರಿನಲ್ಲಾದರೂ. ಊರ ಪಾಲನ್ನು ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟರೆ ಹೆಚ್ಚುವರಿ ತಪ್ಪಬಹುದು, ಆದರೆ ಒಮ್ಮೆ ಇತ್ತಲ್ಲ, ಮೊದಲ ಸಲದವರ ರಿಯಾಯಿತಿ ಮತ್ತೆ ಸಿಗುವುದಿಲ್ಲ. ಅವಿಭಕ್ತ ಕುಟುಂಬದ ಮನೆಯಾದರೆ ಇನ್ನೂ ಗೋಜಲು. ನಮ್ಮಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದ ಹಕ್ಕು, 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ. ಇಲ್ಲಿನ ಸಾಲಿಸಿಟರ್‌ಗೆ ಇದೆಲ್ಲ ತಿಳಿದಿರುತ್ತದೆ ಅಂದುಕೊಳ್ಳಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟು, ತೆರಿಗೆ ಬಲ್ಲವರಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ದುಡ್ಡಿನ ಲೆಕ್ಕ ಇಷ್ಟು. ಇನ್ನೊಂದು ಲೆಕ್ಕ ಯಾವ ಫಾರಂನಲ್ಲೂ ಇಲ್ಲ. ಊರ ಮನೆಯಲ್ಲಿ ನನ್ನ ಗಂಡನ ಪಾಲಿನ ಬೆಲೆ ಎಷ್ಟು ಅಂತ ತಿಳಿಯಬೇಕಿತ್ತು, ಅವರು ಊರಿನಲ್ಲಿರುವ ಭಾವನಿಗೆ ಫೋನ್ ಮಾಡಿ, ಕುಶಲ ವಿಚಾರಿಸಿ, "ಅಣ್ಣಾ, ನಮ್ಮ ಮನೆ ಈಗ ಎಷ್ಟು ಬಾಳುತ್ತೆ?" ಅಂದರು. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಭಾವ, "ಪಾಲು ಬೇಕಾಗಿತ್ತೇನೋ? ನೇರವಾಗಿ ಕೇಳಬಹುದಿತ್ತು" ಅಂದರು. ಹತ್ತು ಹನ್ನೆರಡು ವರ್ಷ ಅತ್ತೆಯನ್ನು ನೋಡಿಕೊಂಡವರು ಅವರು, ಹೆಂಚು ಹೊದಿಸಿದವರು ಅವರು, ಮನೆ ಕಂದಾಯ ಕಟ್ಟಿದವರು ಅವರು. ನಾವು ಎರಡು ವರ್ಷಕ್ಕೊಮ್ಮೆ ಹೋಗಿ ಹಿತ್ತಲಿನ ಮಾವಿನಕಾಯಿ ತಿಂದು ಫೋಟೋ ತೆಗೆದುಕೊಂಡು ಬಂದವರು. ಇಂಗ್ಲೆಂಡಿನ ತೆರಿಗೆ ಇಲಾಖೆಗೆ ಬೇಕು ಅಂತ ಎಷ್ಟು ವಿವರಿಸಿದರೂ ಅವರಿಗೆ ನಂಬಿಕೆ ಬರಲಿಲ್ಲ, ಬರುವುದಾದರೂ ಹೇಗೆ? ಅದಾದ ಮೇಲೆ ಓರಗಿತ್ತಿ ನನ್ನ ಹತ್ತಿರ ಮಾತಾಡುವ ಧಾಟಿಯೇ ಬೇರೆ ಆಯಿತು, ಇವತ್ತಿಗೂ ಪೂರ್ತಿ ಸರಿಹೋಗಿಲ್ಲ. ನೀವು ಕೇಳಬೇಕಾಗಿ ಬಂದರೆ ಮೊದಲು ಫಾರಂ ಕಳಿಸಿ, ತೆರಿಗೆಯ ವಿಷಯ ಹೇಳಿ, ಆಮೇಲೆ ಬೆಲೆ ಕೇಳಿ. ಸಾಧ್ಯವಾದರೆ ಫೋನಿನಲ್ಲಿ ಬೇಡ, ಊರಿಗೆ ಹೋದಾಗ ಊಟ ಆದ ಮೇಲೆ ಕೇಳಿ. ಆಫರ್ ಹಾಕುವ ಒಂದು ವರ್ಷ ಮೊದಲೇ ಆದರೂ ಪರವಾಗಿಲ್ಲ.

ಇಲ್ಲಿ ಮನೆ ಮಾಡುವುದೆಂದರೆ ಅಲ್ಲಿಯ ಮನೆಯಲ್ಲಿ ನಿಮ್ಮದು ಎಷ್ಟು ಅಂತ ಅಂಕಿಯಲ್ಲಿ ಬರೆದು ಸಹಿ ಹಾಕುವುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಬರೆಯುವ ತನಕ ಅದು ಎಲ್ಲರದ್ದೂ ಆಗಿತ್ತು.

ಮಕ್ಕಳಿದ್ದರೆ ಸ್ಕೂಲಿನ ತಾರೀಕು ಮರೆಯಬೇಡಿ. ಇಂಗ್ಲೆಂಡಿನಲ್ಲಿ ಸೆಕೆಂಡರಿಗೆ ಅರ್ಜಿಯ ಕೊನೆ ದಿನ ಅಕ್ಟೋಬರ್ 31, ಪ್ರೈಮರಿಗೆ ಜನವರಿ 15. ಹೊಸ ಮನೆಯ ವಿಳಾಸ ಒಪ್ಪಲು ಕೌನ್ಸಿಲ್‌ಗಳು ಸಾಮಾನ್ಯವಾಗಿ ಎಕ್ಸ್‌ಚೇಂಜ್ ಆದ ಪುರಾವೆ ಕೇಳುತ್ತವೆ, "ಆಫರ್ ಒಪ್ಪಿದ್ದಾರೆ" ಸಾಲುವುದಿಲ್ಲ. ಒಳ್ಳೇ ಸ್ಕೂಲಿಗಾಗಿಯೇ ಆ ಬೀದಿಯಲ್ಲಿ ಮನೆ ಹುಡುಕಿ, ತಾರೀಕು ತಪ್ಪಿಸಿಕೊಂಡು, ಮಗುವನ್ನು ಎರಡು ಬಸ್ಸು ದೂರಕ್ಕೆ ಕಳಿಸುವವರನ್ನು ಕಂಡಿದ್ದೇನೆ.

ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಡಿಪಾಸಿಟ್ ಹೋಗುತ್ತದೆ, ಅಲ್ಲಿಂದ ಹಿಂದೆ ಸರಿದರೆ ಅದು ನಿಮ್ಮದಲ್ಲ. ಕಟ್ಟಡದ ವಿಮೆ ಅವತ್ತಿನಿಂದಲೇ ಮಾಡಿಸಿ. ದುಡ್ಡು ಕಳಿಸುವ ಮುಂಚೆ ಸಾಲಿಸಿಟರ್ ಆಫೀಸಿಗೆ, ಮೊದಲಿನಿಂದ ನಿಮ್ಮ ಹತ್ತಿರ ಇರುವ ನಂಬರಿಗೆ, ಫೋನ್ ಮಾಡಿ ಅಕೌಂಟ್ ನಂಬರ್ ಓದಿಸಿ ಕೇಳಿ. "ನಮ್ಮ ಬ್ಯಾಂಕ್ ಬದಲಾಗಿದೆ" ಅಂತ ಇಮೇಲ್ ಬಂದರೆ ಅದು ಕಳ್ಳರದ್ದು ಅಂತಲೇ ತಿಳಿಯಿರಿ.

ಇನ್ನು ಮುಹೂರ್ತ. ಕಂಪ್ಲೀಷನ್ ದಿನವನ್ನು, ಅಂದರೆ ಉಳಿದ ದುಡ್ಡು ಹೋಗಿ ಮನೆ ಕೈಗೆ ಬರುವ ದಿನವನ್ನು, ಚೈನ್‌ನಲ್ಲಿರುವ ಎಲ್ಲರೂ ಸೇರಿ ಒಪ್ಪಬೇಕು, ಅದು ಬಹಳ ಸಲ ಶುಕ್ರವಾರವೇ ಆಗುತ್ತದೆ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು, ದುಡ್ಡು ತಲುಪಿ ಏಜೆಂಟ್ ಬೀಗದ ಕೈ ಕೊಡುವುದೂ ಎಷ್ಟೋ ಸಲ ಅದೇ ಹೊತ್ತಿಗೆ. ಆಷಾಢ ಅಂತ ಹೇಳಿ ಎಲ್ಲರನ್ನೂ ಒಂದು ತಿಂಗಳು ಕಾಯಿಸಲು ಹೋದ ಒಬ್ಬರ ಮನೆ ಕೈತಪ್ಪಿತು. ಕೀ ತೆಗೆದುಕೊಳ್ಳಿ, ಬೀಗ ಬದಲಿಸಿ, ಮೀಟರಿನ ಫೋಟೋ ತೆಗೆಯಿರಿ. ಅದು ಬರೀ ವ್ಯವಹಾರ. ಹಾಲುಕ್ಕಿಸುವುದಕ್ಕೆ ಒಳ್ಳೇ ದಿನ ಆಮೇಲೆ ಕೇಳಿದರಾಯಿತು. ಸ್ಮೋಕ್ ಅಲಾರಂ ಎಲ್ಲೆಲ್ಲಿದೆ ಅಂತ ಮಾತ್ರ ಪುರೋಹಿತರು ಬರುವ ಮೊದಲೇ ನೋಡಿಕೊಂಡಿರಿ.

ಕೊನೆಗೆ ಹೆಸರು. ನಮ್ಮವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಬ್ಯಾಂಕಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಸಂಬಳದ ಚೀಟಿಯಲ್ಲಿ ಊರಿನ ಹೆಸರು. ಮೂರೂ ಒಬ್ಬರೇ ಅಂತ ಸಾಬೀತು ಮಾಡುವುದರಲ್ಲಿ ವಾರಗಳು ಹೋಗುತ್ತವೆ, ಮೊದಲ ದಿನವೇ ಸಾಲಿಸಿಟರ್‌ಗೆ ಹೇಳಿಬಿಡಿ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಾಗಲು ಕಂಪ್ಲೀಷನ್ ಆದ ಮೇಲೂ ತಿಂಗಳುಗಟ್ಟಲೆ ಹಿಡಿಯಬಹುದು, ಅದಕ್ಕೆ ಗಾಬರಿ ಬೇಡ. ದಾಖಲೆಯ ಪ್ರತಿ ಬಂದಾಗ ಮೂಲೆಗೆ ಹಾಕದೆ ಅಕ್ಷರ ಅಕ್ಷರ ಓದಿ. ನಮ್ಮದರಲ್ಲಿ ನನ್ನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ಸಾಲಿಸಿಟರ್‌ಗೆ ಒಂದು ಇಮೇಲ್ ಹಾಕಿದ್ದಕ್ಕೆ ಸರಿಯಾಯಿತು. ಮುಂದೆ ಮಾರುವಾಗ ಕಂಡಿದ್ದರೆ ಇನ್ನೊಂದು ಚೈನ್ ನಮ್ಮಿಂದ ನಿಲ್ಲುತ್ತಿತ್ತು.