‘ಎಂತ ಇಲ್ಲ, ಸುಮ್ನೆ ಅಂಗಡಿಯಲ್ಲಿ ಕೂರ್ತಿದ್ದೆ’ ಎನ್ನುವ ಮೊದಲು

ಡಿಗ್ರಿ ಮುಗಿಸಿ ವರ್ಷವಾದವರನ್ನು ‘ಇಷ್ಟು ದಿನ ಏನು ಮಾಡ್ತಿದ್ರಿ?’ ಎಂದು ಕೇಳಿ ನೋಡಿ. ‘ಎಂತ ಇಲ್ಲ, ಸುಮ್ನೆ ಅಪ್ಪನ ಅಂಗಡಿಯಲ್ಲಿ ಕೂರ್ತಿದ್ದೆ’ ಎನ್ನುತ್ತಾರೆ. ಶಿರಸಿಯಿರಲಿ, ಕುಮಟೆಯಿರಲಿ, ನಮ್ಮ ಕಡೆಯ ಸಂಕೋಚವೇ ಹಾಗೆ. ಮಾಡಿದ್ದನ್ನು ಹೇಳಿಕೊಂಡರೆ ಜಂಬ ಎಂದಾರು ಎಂಬ ಅಂಜಿಕೆ. ಊರಲ್ಲಿ ಅದು ಚೆಂದ. ಸಂದರ್ಶನದಲ್ಲಿ ಎದುರಿಗೆ ಕೂತವರು ಮಾತ್ರ ಆ ‘ಎಂತ ಇಲ್ಲ’ವನ್ನು ಹಾಗೆಯೇ ನಂಬಿಬಿಡುತ್ತಾರೆ.

ಮೊದಲು, ನಿಮಗೆ ಸಂದರ್ಶನ ಇದೆಯೇ ನೋಡಿಕೊಳ್ಳಿ. ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನ ತೆಗೆದಿದ್ದಾರೆ. ಕಾರವಾರದ ನೌಕಾನೆಲೆಯಲ್ಲಿ ಅಂಥ ಕೆಲಸದ ಮೇಲೆ ಕಣ್ಣಿಟ್ಟವರು ಲಿಖಿತ ಪರೀಕ್ಷೆಗೆ ಓದಿಕೊಳ್ಳಲಿ. ಖಾಸಗಿ ಕೆಲಸಕ್ಕೆಂದು ಹುಬ್ಬಳ್ಳಿ, ಗೋವಾ, ಬೆಂಗಳೂರಿನ ಬಸ್ಸು ಹತ್ತುವವರು ಮುಂದೆ ಓದಿ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ, ಜಾಹೀರಾತಿನಲ್ಲಿ ಅವರು ಕೇಳಿದ್ದನ್ನೆಲ್ಲ ಬರೆಯಿರಿ: ಲೆಕ್ಕ, ಗ್ರಾಹಕರ ಜೊತೆ ಮಾತು, ಕಂಪ್ಯೂಟರ್. ಬಲಗಡೆ, ಪ್ರತಿಯೊಂದರ ಎದುರು ನೀವು ನಿಜವಾಗಿ ಮಾಡಿದ ಒಂದು ಘಟನೆ. ಐದಾರು ಸಾಕು. ಅಡಿಕೆ ಕೊನೆಕೊಯ್ಲಿನ ಆಳುಗಳ ಲೆಕ್ಕ ಇಟ್ಟಿದ್ದು, ಊರ ಯಕ್ಷಗಾನಕ್ಕೆ ಚಂದಾ ಎತ್ತಿದ್ದು, ಎಲ್ಲವೂ ಸೇರುತ್ತವೆ.

ಈಗ ಒಂದೊಂದು ಘಟನೆಯನ್ನೂ ಉತ್ತರವಾಗಿ ಕಟ್ಟಬೇಕು. ಇದಕ್ಕೇ ಹೆಚ್ಚು ಹೊತ್ತು ಕೊಡಿ. ಪರಿಸ್ಥಿತಿ ಏನಿತ್ತು, ನಿಮ್ಮ ಪಾಲಿನ ಕೆಲಸ ಯಾವುದು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು ಎಂಬುದು ಕ್ರಮ. ಅಂಗಡಿಯಲ್ಲಿ ‘ಸುಮ್ನೆ ಕೂತಿದ್ದ’ ಹುಡುಗಿಯನ್ನೇ ತೆಗೆದುಕೊಳ್ಳಿ. ಅವಳು ಹೀಗೆ ಹೇಳಬಹುದು: ‘ನಮ್ಮ ಅಂಗಡಿಯ ಉದ್ರಿ ಲೆಕ್ಕ ಮೂರು ಪುಸ್ತಕದಲ್ಲಿ ಹಂಚಿಹೋಗಿತ್ತು. ಯಾರು ಎಷ್ಟು ಕೊಡಬೇಕು ಎಂದು ಅಪ್ಪನಿಗೇ ಗೊತ್ತಾಗುತ್ತಿರಲಿಲ್ಲ. ನಾನು ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. ತಿಂಗಳ ಕೊನೆಗೆ ಬಾಕಿ ಇದ್ದವರಿಗೆ ವಾಟ್ಸ್ಆ್ಯಪ್‌ನಲ್ಲಿ ಮೊತ್ತ ಕಳಿಸಿದೆ. ಮಳೆಗಾಲ ಮುಗಿಯುವುದರೊಳಗೆ ಹಳೇ ಬಾಕಿಯಲ್ಲಿ ಅರ್ಧ ವಸೂಲಾಯಿತು.’ ಮುಕ್ಕಾಲು ನಿಮಿಷದ ಮಾತು ಅಷ್ಟೇ. ‘ನಾನು ತುಂಬಾ ಶ್ರಮಜೀವಿ’ ಎಂದು ಅವಳು ಎಲ್ಲೂ ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ‘ನಾವು ಮಾಡಿದೆವು’ ಎನ್ನುವಲ್ಲಿ ಎಚ್ಚರ. ಅದರಲ್ಲಿ ನೀವು ಮಾಡಿದ್ದು ಯಾವುದು ಎಂದು ಕೇಳಿಯೇ ಕೇಳುತ್ತಾರೆ. ಇಲ್ಲದ ಅಂಕಿ ಸೇರಿಸಬೇಡಿ. ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಬರೆದದ್ದನ್ನು ಬಾಯಿಪಾಠ ಮಾಡಬೇಡಿ. ಇದನ್ನು ನಾನು ಹುಬ್ಬಳ್ಳಿಯಲ್ಲಿ ಕಲಿತೆ. ‘ನಿಮ್ಮ ಬಗ್ಗೆ ಹೇಳಿ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಪುಟ ಉರು ಹೊಡೆದು ಹೋಗಿದ್ದೆ. ಮೂರನೇ ಸಾಲಿಗೆ ಒಬ್ಬರು ‘ಶಿರಸಿಯಲ್ಲಿ ಯಾವ ಕಡೆ?’ ಎಂದುಬಿಟ್ಟರು. ಉಳಿದದ್ದು ಮರೆತೇಹೋಯಿತು. ಮಗ್ಗಿ ತಪ್ಪಿದ ಹುಡುಗನ ಹಾಗೆ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದೆ. ಕೆಲಸ ಸಿಗಲಿಲ್ಲ ಎಂದು ಬೇರೆ ಹೇಳಬೇಕಾ?

ತಾಳಮದ್ದಳೆ ಕೇಳಿದ್ದೀರಲ್ವಾ? ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿಗೆ ಪ್ರಸಂಗದ ಕಥೆ ಪೂರ್ತಿ ಗೊತ್ತಿರುತ್ತದೆ, ಮಾತು ಮಾತ್ರ ಅಲ್ಲೇ ಹುಟ್ಟುತ್ತದೆ. ಎದುರಿನವರು ಏನು ಎಂದರು ಎಂದು ಕೇಳಿಸಿಕೊಂಡೇ ಮುಂದಿನ ಮಾತು. ನೀವೂ ಘಟನೆ ನೆನಪಿಟ್ಟುಕೊಳ್ಳಿ, ಸಾಲುಗಳನ್ನಲ್ಲ. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಓದು, ಮಾಡಿದ ಕೆಲಸ, ಈ ಹುದ್ದೆ ಏಕೆ ಎಂಬುದನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿ. ಅಪ್ಪ, ಅಮ್ಮ, ಅಕ್ಕನ ಮದುವೆ ಬೇಡ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ನಾಚಿಕೆಯಾಗುತ್ತದೆ, ಆದರೂ ಕೇಳಿ.

ನಿಮ್ಮ ದೌರ್ಬಲ್ಯ ಏನು ಎಂದರೆ ನಿಜವಾದದ್ದನ್ನೇ ಹೇಳಿ, ಅದಕ್ಕೆ ಏನು ಮಾಡುತ್ತಿದ್ದೀರಿ ಎಂಬುದನ್ನೂ ಸೇರಿಸಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಸಾಕು. ಸಂಬಳ ಕೇಳಿದರೆ ‘ನೀವು ಕೊಟ್ಟಷ್ಟು’ ಎನ್ನಬೇಡಿ. ಆ ಊರಿನ ರೂಮ್ ಬಾಡಿಗೆ, ಊಟದ ಖರ್ಚು ಮೊದಲೇ ವಿಚಾರಿಸಿ ಒಂದು ಮೊತ್ತ ಇಟ್ಟುಕೊಂಡಿರಿ. ಕೊನೆಗೆ ‘ಏನಾದರೂ ಕೇಳುವುದಿದೆಯಾ?’ ಎನ್ನುತ್ತಾರೆ. ಮೊದಲ ಮೂರು ತಿಂಗಳು ನಿಮ್ಮಿಂದ ಏನು ಕೆಲಸ ಬಯಸುತ್ತಾರೆ ಎಂದು ಕೇಳಿ.

ವಿಡಿಯೊ ಸಂದರ್ಶನವಾದರೆ, ಅದೂ ಮಳೆಗಾಲದಲ್ಲಿ, ಮನೆಯ ನೆಟ್‌ವರ್ಕ್ ನಂಬಬೇಡಿ. ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಒಂದು ಕೋಣೆ ಕೇಳಿಕೊಳ್ಳಿ. ಹಿಂದಿನ ದಿನ ಅದೇ ಹೊತ್ತಿಗೆ ಗೆಳೆಯರಿಗೆ ಕರೆ ಮಾಡಿ ನೋಡಿ. ಕರೆಂಟ್ ಹೋದರೆ ತಕ್ಷಣ ತಿಳಿಸಲು ಸಂದರ್ಶನ ಮಾಡುವವರ ಫೋನ್ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮುಗಿಸಿ ಬರುವಾಗ, ಕೇಳಿದ ಪ್ರಶ್ನೆಗಳನ್ನೆಲ್ಲ ಬಸ್ಸಿನಲ್ಲೇ ಗೀಚಿಕೊಳ್ಳಿ. ಮುಂದಿನ ಸಲಕ್ಕೆ ಅವೇ ಬೇಕಾಗುತ್ತವೆ. ಹುಬ್ಬಳ್ಳಿಯಿಂದ ಅಂಕೋಲೆ, ಕಾರವಾರದ ಕಡೆ ಬರುವವರು ಯಲ್ಲಾಪುರ ದಾಟುವುದರೊಳಗೆ ಮುಗಿಸಿ. ಅರಬೈಲು ಘಟ್ಟದ ತಿರುವಿನಲ್ಲಿ ಪೆನ್ನು ನಿಲ್ಲುವುದಿಲ್ಲ.