ಮೊದಲು ಕದ ತಟ್ಟೋದು ಯಾರು?

ಕೇಳೋಕೆ ಸಣ್ಣ ಕೆಲಸ. ಯಂತ್ರಗಳ ತಾಪಮಾನ, ಒತ್ತಡ, ಎಷ್ಟು ಗಂಟೆ ಓಡಿವೆ ಅನ್ನೋ ಲೆಕ್ಕ ಆಫೀಸಿನ ಸ್ಕ್ರೀನ್ ಮೇಲೆ ಕಾಣಬೇಕು, ಅಷ್ಟೇ. ಆದರೆ ಯಂತ್ರಗಳ ನೆಟ್‌ವರ್ಕ್ ಬೇರೆ, ಆಫೀಸಿನ ನೆಟ್‌ವರ್ಕ್ ಬೇರೆ. ಆಫೀಸಿನ ಕಡೆ ಇಂಟರ್ನೆಟ್ ಇದೆ, ಇಮೇಲ್ ಇದೆ, ಯಾರ್ಯಾರದೋ ಪೆನ್‌ಡ್ರೈವ್ ಚುಚ್ಚಿಸಿಕೊಂಡ ಲ್ಯಾಪ್‌ಟಾಪ್‌ಗಳಿವೆ. ಅದನ್ನು ನಂಬೋ ಹಾಗಿಲ್ಲ. ಒಳಗಿನ ಯಂತ್ರಗಳೋ, ತಮ್ಮ ನೆಟ್‌ವರ್ಕಿನಲ್ಲಿ ಯಾರು ಏನು ಹೇಳಿದರೂ ನಂಬುತ್ತವೆ. ಈ ಎರಡರ ನಡುವೆ ದಾರಿ ಮಾಡಬೇಕಿತ್ತು.

ನಾನು ಶುರು ಮಾಡಿದ್ದೇ ತಪ್ಪಿನಿಂದ. ಒಂದು ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದೆ. ಒಂದು ಕೇಬಲ್ ಒಳಗೆ, ಇನ್ನೊಂದು ಆಫೀಸಿಗೆ. ಅರ್ಧ ದಿನದಲ್ಲಿ ಸ್ಕ್ರೀನ್ ಮೇಲೆ ಅಂಕಿಗಳು ಬಂದವು, ಎಲ್ಲರೂ ಖುಷಿ. ಕೆಲವು ವಾರ ಕಳೆದ ಮೇಲೆ ಸುಮ್ನೆ ಆಫೀಸಿನ ಕಡೆಯಿಂದ ಆ ಕಂಪ್ಯೂಟರನ್ನು ಸ್ಕ್ಯಾನ್ ಮಾಡಿದೆ. 502ನೇ ಪೋರ್ಟ್, ಅಂದರೆ ನೆಟ್‌ವರ್ಕಿನಿಂದ ಒಳಗೆ ಬರೋ ಒಂದು ಬಾಗಿಲು, ತೆರೆದಿತ್ತು. ಶುರುವಿನಲ್ಲಿ ಪರೀಕ್ಷೆಗೆ ಅಂತ ಆ ಪೋರ್ಟನ್ನು ನೇರ ಪಿಎಲ್‌ಸಿಗೆ (ಯಂತ್ರವನ್ನು ನಡೆಸೋ ಪುಟ್ಟ ಕಂಪ್ಯೂಟರ್) ಫಾರ್ವರ್ಡ್ ಮಾಡಿದ್ದೆ. ತೆಗೆಯೋದು ಮರೆತೇಹೋಗಿತ್ತು.

502 ಅಂದರೆ ಮಾಡ್‌ಬಸ್. 1979ರಲ್ಲಿ ಯಂತ್ರಗಳು ಸೀರಿಯಲ್ ವೈರ್ ಮೇಲೆ ಮಾತಾಡಿಕೊಳ್ಳಲಿ ಅಂತ ಹುಟ್ಟಿದ ಭಾಷೆ ಅದು. ವೈರ್ ನಿಮ್ಮ ಕೈಯಲ್ಲಿದ್ದರೆ ನೀವು ನಮ್ಮವರೇ ಅನ್ನೋ ಕಾಲದ್ದು. ಆಮೇಲೆ ಅದನ್ನೇ ಮಾಮೂಲಿ ನೆಟ್‌ವರ್ಕಿನ ಟಿಸಿಪಿ ಮೇಲೆ ಕೂರಿಸಿದರು, ಪಾಸ್‌ವರ್ಡ್ ಮಾತ್ರ ಸೇರಿಸಲಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಮ್ಯಾನೇಜರ್‌ಗೆ ಅರ್ಥವಾಗಲ್ಲ ಅಂತ ಮೇಜಿನ ಮೇಲೆ ಒಂದು ಹೆಚ್ಚುವರಿ ಪಿಎಲ್‌ಸಿ ಇಟ್ಟು ತೋರಿಸಿದೆ. ಆಫೀಸಿನ ಲ್ಯಾಪ್‌ಟಾಪಿನಿಂದ ಒಂದು ಸಂದೇಶ ಕಳಿಸಿದೆ. ಬರೀ 12 ಬೈಟ್: 7 ಬೈಟ್ ಹೆಡರ್, 'ಈ ರಿಜಿಸ್ಟರ್ ಬರೆ' (ರಿಜಿಸ್ಟರ್ ಅಂದರೆ ಪಿಎಲ್‌ಸಿ ಅಂಕಿ ಇಟ್ಟುಕೊಳ್ಳೋ ಖಾನೆ) ಅನ್ನೋದಕ್ಕೆ 1, ಯಾವ ರಿಜಿಸ್ಟರ್ ಅನ್ನೋದಕ್ಕೆ 2, ಏನು ಬರೆಯಬೇಕು ಅನ್ನೋದಕ್ಕೆ 2. ಪಿಎಲ್‌ಸಿಯಲ್ಲಿ 80 ಇದ್ದ ಮಿತಿ 95 ಆಯಿತು.

“ಪಾಸ್‌ವರ್ಡ್ ಎಲ್ಲಿ ಕೇಳ್ತು?” ಅಂದರು.

“ಕೇಳೋದೇ ಇಲ್ಲ ಸರ್.”

“ಹಂಗಾದ್ರೆ ಎನ್‌ಕ್ರಿಪ್ಟ್ ಮಾಡಿಬಿಡಿ.”

ಬಹಳ ಜನ ಹೇಳೋದು ಇದನ್ನೇ. ಎನ್‌ಕ್ರಿಪ್ಟ್ ಮಾಡಿದರೆ ದಾರಿಯಲ್ಲಿ ಕದ್ದು ಓದೋರಿಂದ ಕಾಪಾಡಿಕೊಳ್ಳಬಹುದು. ಆದರೆ ಆ ತುದಿಯ ಲ್ಯಾಪ್‌ಟಾಪಿಗೇ ವೈರಸ್ ಹತ್ತಿದ್ದರೆ? ಎನ್‌ಕ್ರಿಪ್ಟ್ ಆದ ದಾರಿ ಒಂದು ಸುರಂಗ ಇದ್ದ ಹಾಗೆ, ವೈರಸ್ ಕೂಡ ಅದೇ ಸುರಂಗದಲ್ಲಿ ಭದ್ರವಾಗಿ ಒಳಗೆ ಬರುತ್ತದೆ, ಅಲ್ವಾ? ಅದಕ್ಕೇ ನಾನು ಈಗ ಯಾವ ಜೋಡಣೆಗೂ ಮೊದಲು ಕೇಳೋ ಪ್ರಶ್ನೆ ಬೇರೆ. ಎರಡು ಕಡೆಯವರಲ್ಲಿ ಮೊದಲು ಕದ ತಟ್ಟೋದು ಯಾರು?

ಎರಡು ಕಾರ್ಡಿನ ಕಂಪ್ಯೂಟರ್ ತೆಗೆದೆ. ನಡುವೆ ಮೂರನೇ ನೆಟ್‌ವರ್ಕ್ ಹಾಕಿದೆ. ಡಿಎಂಜೆಡ್ ಅಂತಾರೆ, ಮನೆಯ ಜಗಲಿ ಇದ್ದ ಹಾಗೆ. ಒಳಗಿನ ಸರ್ವರ್ ನಿಮಿಷಕ್ಕೊಮ್ಮೆ ತಾನೇ ಬಂದು ಜಗಲಿಯ ಡೇಟಾಬೇಸಿನಲ್ಲಿ ಅಂಕಿಗಳನ್ನು ಇಟ್ಟು ಹೋಗುತ್ತದೆ. ಆಫೀಸಿನವರು ಜಗಲಿಗೆ ಬಂದು ನೋಡಿಕೊಳ್ಳುತ್ತಾರೆ. ಆಫೀಸಿನಿಂದ ಒಳಗೆ ಹೊಸ ಸಂಪರ್ಕ ಶುರು ಮಾಡೋಕೆ ಆಗಲ್ಲ. ಜಗಲಿಯಿಂದಲೂ ಒಳಗೆ ಆಗಲ್ಲ. ಜಾಸ್ತಿ ಜನ ತಪ್ಪೋದು ಈ ಎರಡನೇದರಲ್ಲಿ. ಡಿಎಂಜೆಡ್ ನಮ್ಮದೇ ತಾನೇ ಅಂತ ಅಲ್ಲಿಂದ ಒಳಕ್ಕೆ ದಾರಿ ಬಿಡುತ್ತಾರೆ. ಆಮೇಲೆ ಜಗಲಿಯ ಸರ್ವರ್ ಯಾರದೋ ಕೈಗೆ ಸಿಕ್ಕಿದ ದಿನ ಅದೇ ಮೆಟ್ಟಿಲಾಗುತ್ತದೆ.

ಉತ್ತರ ವಾಪಸ್ ಬರೋದು ಹೇಗೆ ಅಂತ ಕೇಳಬಹುದು. ಒಳಗಿನವರು ಶುರು ಮಾಡಿದ ಮಾತನ್ನು ನೆಟ್‌ವರ್ಕ್‌ಗಳ ನಡುವೆ ಕಾವಲು ಕೂತ ಫೈರ್‌ವಾಲ್ ನೆನಪಿಟ್ಟುಕೊಳ್ಳುತ್ತದೆ. ಆ ಮಾತಿಗೆ ಸೇರಿದ ಪ್ಯಾಕೆಟ್ (ಡೇಟಾದ ತುಂಡು) ಬಂದರೆ ಬಿಡುತ್ತದೆ, ಹೊಸ ಮಾತು ತೆಗೆದರೆ ಬಿಡಲ್ಲ. ಇದಕ್ಕೆ ಒಂದೇ ಸಾಲಿನ ರೂಲ್ ಸಾಕು. ಅದರ ಕೆಳಗೆ ಬೇಕಾದ ನಾಲ್ಕೈದು ರೂಲ್, ಕೊನೆಯಲ್ಲಿ 'ಉಳಿದದ್ದೆಲ್ಲ ಬಂದ್'.

ಆ ಕೊನೆಯ ಸಾಲನ್ನು ಮಾತ್ರ ಒಂದೇ ಏಟಿಗೆ ಹಾಕಬೇಡಿ. ನಾನು ಮೊದಲ ವಾರ ಅಲ್ಲಿ 'ಬಿಡು, ಆದರೆ ಲಾಗ್ ಮಾಡು' ಅಂತ ಇಟ್ಟಿದ್ದೆ. ಲಾಗಿನಲ್ಲಿ ಸಿಕ್ಕಿದ್ದು ರಾತ್ರಿ ಎರಡಕ್ಕೆ ಓಡೋ ಒಂದು ಹಳೇ ಬ್ಯಾಕಪ್, ಅದರ ಬಗ್ಗೆ ಯಾರಿಗೂ ನೆನಪೇ ಇರಲಿಲ್ಲ. ಲಾಗ್ ನೋಡದೇ ಬಂದ್ ಮಾಡಿದ್ದರೆ ಬ್ಯಾಕಪ್ ನಿಂತದ್ದು ಅದು ಬೇಕಾದ ದಿನವೇ ಗೊತ್ತಾಗುತ್ತಿತ್ತು.

ಮುಂದಿನ ತಲೆನೋವು ಯಂತ್ರ ತಯಾರಕರ ಕಡೆಯ ಎಂಜಿನಿಯರ್. ಅವರು ದೂರದಿಂದಲೇ ಲಾಗಿನ್ ಆಗಿ ರಿಪೇರಿ ಮಾಡಬೇಕು. ಇಲ್ಲಿ ವೈರ್‌ಗಾರ್ಡ್ ಬಳಸಿದೆ, ಇಂಟರ್ನೆಟ್ ಮೇಲೆ ಎನ್‌ಕ್ರಿಪ್ಟ್ ಆದ ಸುರಂಗ ಹಾಕೋ ಸಾಫ್ಟ್‌ವೇರ್ ಅದು. 2020ರಿಂದ ಅದು ಲಿನಕ್ಸ್ ಕರ್ನಲ್ಲಿನಲ್ಲೇ ಇದೆ. ನನಗೆ ಹಿಡಿಸಿದ್ದು ಅದರ ಮೌನ. ಗೊತ್ತಿಲ್ಲದ ಕೀ ಇಟ್ಟುಕೊಂಡು ಯಾರು ತಟ್ಟಿದರೂ ಉತ್ತರವೇ ಕೊಡಲ್ಲ. ಹೊರಗಿನವರಿಗೆ ಅಲ್ಲೊಂದು ಬಾಗಿಲಿದೆ ಅಂತಲೇ ಗೊತ್ತಾಗಲ್ಲ. ಸುರಂಗದ ಬಾಯಿಯನ್ನು ಒಳಗೆ ಬಿಡದೆ ಜಗಲಿಯಲ್ಲೇ ನಿಲ್ಲಿಸಿದೆ. ಅಲ್ಲೊಂದು ಜಂಪ್ ಸರ್ವರ್. ಎಂಜಿನಿಯರ್ ಮೊದಲು ಅದಕ್ಕೆ ಬಂದು ಲಾಗಿನ್ ಆಗಬೇಕು. ಅಲ್ಲಿಂದ ಒಂದೇ ಒಂದು ಯಂತ್ರಕ್ಕೆ, ನಾವು ಕೈಯಾರೆ ತೆರೆದ ನಾಲ್ಕು ಗಂಟೆ ಮಾತ್ರ ದಾರಿ. ನನ್ನ ನಿಯಮಕ್ಕೆ ಇದು ಅಪವಾದ, ಒಪ್ಪುತ್ತೇನೆ. ಅದಕ್ಕೇ ಗಡಿಯಾರ ಇಟ್ಟು ತೆರೆಯೋದು.

ಮೊದಲ ದಿನವೇ ವಿಚಿತ್ರ ತೊಂದರೆ ಬಂತು. ಲಾಗಿನ್ ಆಗುತ್ತೆ, ಪಿಂಗ್ ('ಇದ್ದೀಯಾ' ಅಂತ ಕೇಳೋ ಸಣ್ಣ ಪ್ಯಾಕೆಟ್) ಹೋಗುತ್ತೆ, ಸಣ್ಣ ಕಮಾಂಡ್ ಕೊಟ್ಟರೆ ಉತ್ತರ ಬರುತ್ತೆ. ದೊಡ್ಡ ಫೈಲ್ ತೆರೆದರೆ ಸ್ಕ್ರೀನ್ ಕಲ್ಲಾಗುತ್ತೆ. “ನಿಮ್ಮ ಫೈರ್‌ವಾಲ್ ಸರಿಯಿಲ್ಲ” ಅಂದರು ಅವರು. “ನಿಮ್ಮ ಇಂಟರ್ನೆಟ್ ಸರಿಯಿಲ್ಲ” ಅಂದೆ ನಾನು. ಸರಿಯಿದ್ದದ್ದು ಅವರ ಮಾತೇ.

ಮಾಮೂಲಿ ಈಥರ್ನೆಟ್ ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ವೈರ್‌ಗಾರ್ಡ್ ತನ್ನ ಹೊದಿಕೆಗೆ ಜಾಗ ಬಿಟ್ಟುಕೊಂಡು 1420 ಮಾತ್ರ ಒಯ್ಯುತ್ತದೆ. ಅವರ ಲ್ಯಾಪ್‌ಟಾಪ್ ಒಂದು ರೂಟರಿನ ಹಿಂದಿತ್ತು, ಸುರಂಗ ಇದ್ದದ್ದು ಆ ರೂಟರಿನಲ್ಲಿ. ಹಾಗಾಗಿ ಲ್ಯಾಪ್‌ಟಾಪಿಗೂ ಗೊತ್ತಿಲ್ಲ, ನಮ್ಮ ಜಂಪ್ ಸರ್ವರಿಗೂ ಗೊತ್ತಿಲ್ಲ. ಸರ್ವರ್ ಆರಾಮಾಗಿ 1500 ಬೈಟ್ ಪ್ಯಾಕೆಟ್ ಕಳಿಸುತ್ತಿತ್ತು. ಸುರಂಗದ ಬಾಯಲ್ಲಿರೋ ಗೇಟ್‌ವೇ 'ಇದು ಹಿಡಿಸಲ್ಲ, ಸಣ್ಣದು ಮಾಡು' ಅಂತ ಐಸಿಎಂಪಿಯಲ್ಲಿ, ಅಂದರೆ ನೆಟ್‌ವರ್ಕಿನ ತೊಂದರೆ ತಿಳಿಸೋ ಸಂದೇಶಗಳಲ್ಲಿ, ಹೇಳುತ್ತಲೇ ಇತ್ತು. ಐಸಿಎಂಪಿ ಅಂದರೆ ಅಪಾಯ ಅಂತ ಎಲ್ಲೋ ಓದಿ, ಪಿಂಗ್ ಒಂದನ್ನು ಬಿಟ್ಟು ಉಳಿದ ಐಸಿಎಂಪಿಯನ್ನೆಲ್ಲ ಬಂದ್ ಮಾಡಿದವನು ನಾನೇ. ಆ 'ಸಣ್ಣದು ಮಾಡು' ಅನ್ನೋ ಟೈಪ್ 3, ಕೋಡ್ 4 ಸಂದೇಶಕ್ಕೆ ದಾರಿ ಬಿಟ್ಟೆ. ಜೊತೆಗೆ ಟಿಸಿಪಿ ಎಂಎಸ್‌ಎಸ್ ಅನ್ನು (ಒಂದು ಪ್ಯಾಕೆಟ್ಟಿನಲ್ಲಿ ಹೋಗೋ ಡೇಟಾದ ಮಿತಿ) 1380ಕ್ಕೆ ಕಟ್ಟಿದೆ. ಫೈಲ್ ತಕ್ಷಣ ತೆರೆಯಿತು. ಎಂಜಿನಿಯರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದ್ದೂ ಆಯಿತು.

ಇಷ್ಟಾದರೂ ಒಂದು ಗುಂಪಿನ ಯಂತ್ರಗಳ ಬಗ್ಗೆ ನನಗೆ ನೆಮ್ಮದಿ ಇರಲಿಲ್ಲ. ಅಲ್ಲಿ ಮಿತಿ ತಪ್ಪಿದರೆ ಜನರಿಗೆ ಏಟಾಗುತ್ತದೆ. ಫೈರ್‌ವಾಲ್ ಕೂಡ ಒಂದು ಸಾಫ್ಟ್‌ವೇರೇ, ಅದರಲ್ಲೂ ತೂತು ಇರುತ್ತೆ, ನನ್ನಂಥವರು ರೂಲ್ ಮರೆಯುತ್ತಾರೆ. ಅಲ್ಲಿಗೆ ಡೇಟಾ ಡಯೋಡ್ ಮಾಡಿದೆ. ಬೆಳಕು ಒಂದೇ ದಿಕ್ಕಿಗೆ ಹೋಗೋ ಫೈಬರ್ ಅಷ್ಟೇ. 100 ಎಂಬಿಪಿಎಸ್‌ನ ಎರಡು ಮೀಡಿಯಾ ಕನ್ವರ್ಟರ್ (ವೈರಿನ ಸಂಕೇತವನ್ನು ಫೈಬರಿನ ಬೆಳಕಾಗಿಸೋ ಡಬ್ಬಿ) ತಗೊಂಡು, ಒಳಗಿನದರ ಟಿಎಕ್ಸ್‌ನಿಂದ (ಕಳಿಸೋ ತುದಿ) ಹೊರಗಿನದರ ಆರ್‌ಎಕ್ಸ್‌ಗೆ (ಪಡೆಯೋ ತುದಿ) ಒಂದೇ ಎಳೆ ಹಾಕಿದೆ. ವಾಪಸ್ ಬರೋ ಎಳೆಯೇ ಇಲ್ಲ.

ಲಿಂಕ್ ದೀಪ ಹತ್ತಲಿಲ್ಲ. ಒಳಗಿನ ಕನ್ವರ್ಟರಿಗೆ ತನ್ನ ಆರ್‌ಎಕ್ಸ್‌ನಲ್ಲಿ ಬೆಳಕು ಕಾಣದಿದ್ದರೆ ಫೈಬರ್ ಕಿತ್ತುಹೋಗಿದೆ ಅಂದುಕೊಂಡು ಸುಮ್ಮನಾಗುತ್ತದೆ. ಇದಕ್ಕೊಂದು ಹಳೇ ಉಪಾಯ ಇದೆ. ಮೂರನೇ ಕನ್ವರ್ಟರ್ ಒಂದನ್ನು ಒಳಗಿನ ಕಡೆಯೇ ಇಟ್ಟು, ಯಾವ ನೆಟ್‌ವರ್ಕಿಗೂ ಜೋಡಿಸದೆ, ಅದರ ಟಿಎಕ್ಸ್ ಬೆಳಕನ್ನು ಮೊದಲನೆಯದರ ಆರ್‌ಎಕ್ಸ್‌ಗೆ ಕೊಟ್ಟೆ. ಅದರ ಕೆಲಸ ಬರೀ ದೀಪ ಹಿಡಿಯೋದು. ಹಸಿರು ದೀಪ ಹತ್ತಿತು.

ಆದರೂ ಒಂದು ಪ್ಯಾಕೆಟ್ಟೂ ಹೋಗಲಿಲ್ಲ. ಕಳಿಸೋ ಸರ್ವರ್ 'ಈ ಐಪಿ ಯಾರದು' ಅಂತ ಎಆರ್‌ಪಿಯಲ್ಲಿ ಕೂಗುತ್ತಿತ್ತು. ಉತ್ತರ ಬರೋ ದಾರಿ ಎಲ್ಲಿದೆ? ಆ ಕಡೆಯ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸವನ್ನು ಕೈಯಲ್ಲೇ ಬರೆದು ಹಾಕಿದೆ. ಟಿಸಿಪಿ ನಡೆಯಲ್ಲ, ಅದಕ್ಕೆ ಮೊದಲ ಕೈಕುಲುಕಿಗೇ ಉತ್ತರ ಬೇಕು. ಹಾಗಾಗಿ ಉತ್ತರಕ್ಕೆ ಕಾಯದ ಯುಡಿಪಿ. ಯುಡಿಪಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ಮತ್ತೆ ಕಳಿಸು ಅಂತ ಕೇಳೋಕೂ ಆಗಲ್ಲ. ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆ ಹಾಕಿ ಎರಡೆರಡು ಸಲ ಕಳಿಸಿದೆ. ಆದರೂ ಕಳೆಯುತ್ತಿತ್ತು. ತಪ್ಪು ಫೈಬರಿನದಲ್ಲ. ಪಡೆಯೋ ಲಿನಕ್ಸ್ ಸರ್ವರಿನ ಬಫರ್ (ಬಂದ ಪ್ಯಾಕೆಟ್ ಹಿಡಿದಿಡೋ ಜಾಗ) ಮಾಮೂಲಿ 212992 ಬೈಟ್‌ನಲ್ಲೇ ಇತ್ತು. ದೊಡ್ಡ ಫೈಲ್ ಬಂದಾಗ ತುಂಬಿ ಚೆಲ್ಲುತ್ತಿತ್ತು. ಬಫರ್ ದೊಡ್ಡದು ಮಾಡಿ, ಕಳಿಸೋ ವೇಗ ಇಳಿಸಿದ ಮೇಲೆ ಕಳೆಯೋದು ನಿಂತಿತು.

ಡಯೋಡ್ ಹಾಕಿದರೆ ಅನುಕೂಲ ಕಳೆದುಕೊಳ್ಳಬೇಕಾಗುತ್ತದೆ. ನೆಟ್‌ವರ್ಕಿನಿಂದ ಸಮಯ ಸರಿಮಾಡೋ ಎನ್‌ಟಿಪಿ ಸಿಗಲ್ಲ, ಅದಕ್ಕೆ ಒಳಗೇ ಜಿಪಿಎಸ್ ಗಡಿಯಾರ ಇಟ್ಟೆವು. ಆ ಗುಂಪಿಗೆ ದೂರದ ರಿಪೇರಿ ಇಲ್ಲ, ಎಂಜಿನಿಯರ್ ನಡೆದುಕೊಂಡೇ ಬರಬೇಕು. ಅಪ್‌ಡೇಟ್ ಪೆನ್‌ಡ್ರೈವಿನಲ್ಲೇ ಬರಬೇಕು, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತಪಾಸಣೆ ಮಾಡದೆ ಒಳಗೆ ಬಿಡಲ್ಲ. 2010ರಲ್ಲಿ ಬೆಳಕಿಗೆ ಬಂದ, ಪಿಎಲ್‌ಸಿಗಳನ್ನೇ ಗುರಿ ಮಾಡಿದ ಸ್ಟಕ್ಸ್‌ನೆಟ್ ವೈರಸ್ ಹರಡಿದ ಮುಖ್ಯ ದಾರಿಗಳಲ್ಲಿ ಪೆನ್‌ಡ್ರೈವ್ ಒಂದು.

ಒಳಗಿನ ಆಪರೇಟರ್ ಒಬ್ಬರು ಒಂದು ದಿನ ಕೇಳಿದರು: “ಸರ್, ಇಲ್ಲಿಂದ ಕಳಿಸಿದ್ದು ಅಲ್ಲಿ ತಲುಪಿತಾ ಅಂತ ನಮಗೆ ಗೊತ್ತಾಗೋದು ಹೇಗೆ?” ಗೊತ್ತಾಗಲ್ಲ ಅಂದೆ. ಒಳಗಿನಿಂದ ನಿಮಿಷಕ್ಕೊಂದು 'ಬದುಕಿದ್ದೀನಿ' ಅನ್ನೋ ಪ್ಯಾಕೆಟ್ ಹೋಗುತ್ತದೆ. ಹೊರಗೆ ಮೂರು ತಪ್ಪಿದರೆ ಅಲಾರಂ ಹೊಡೆಯುತ್ತದೆ. ಆಗ ಆಫೀಸಿನಲ್ಲಿ ಕೂತವರು ಗೋಡೆಯ ಫೋನ್ ಎತ್ತಿ ಒಳಗಿನವರಿಗೆ “ಬರ್ತಾ ಇಲ್ಲಪ್ಪಾ, ಸ್ವಲ್ಪ ನೋಡು” ಅಂತಾರೆ. ಹೊರಗಿನಿಂದ ಒಳಗೆ ಬರೋ ಸಂದೇಶ ಅದೊಂದೇ.